ಆಳಂದ ಗರಮ್ ಆಗ್ಯಾದ!

ಬರೆದಿಡುವ ಚಾಳಿ ಇದ್ದವರ ಮನೆಗೆ ನಗೆಪಾಟಲಿನ ಸಂಗತಿಗಳು ಕರೆಯದೆಯೇ ಬರುತ್ತವೆ. ಬರೆಯದವರ ಮನೆಯಲ್ಲೂ ನಡೆಯುತ್ತಿರಬಹುದು, ಆದರೆ ಅವರ ಹತ್ತಿರ ಪುರಾವೆ ಇರುವುದಿಲ್ಲ. ನನ್ನ ಹತ್ತಿರ ಇದೆ.

ನಾನು ಪುಣೆಯಲ್ಲಿ ಓದಿ ಬಿ.ಎ. ಪಾಸಾದವಳು. ಆ ಕಾಲಕ್ಕೆ ನಮ್ಮ ಕಡೆ ಬಿ.ಎ. ಆದ ಹೆಂಗಸೆಂದರೆ ಎರಡು ತಲೆಯ ಕರು ಹುಟ್ಟಿದ ಹಾಗೆ. ಪಕ್ಕದ ಹಳ್ಳಿಯವರೂ ಗಾಡಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ಮದುವೆಯಾಗಿ ಆಳಂದಕ್ಕೆ ಹೊರಟಾಗ ನನ್ನ ಕಾಲೇಜಿನ ಗುರುಗಳು ಹವೆಯ ಬಿಸಿಯನ್ನು ಫ್ಯಾರನ್‌ಹೀಟಿನಲ್ಲಿ ಅಳೆಯುವ ಒಂದು ಥರ್ಮಾಮೀಟರನ್ನು ಉಡುಗೊರೆ ಕೊಟ್ಟು, "ದಿನಾ ಎರಡು ಹೊತ್ತು ನೋಡಿ ಬರಿ. ಹನ್ನೆರಡು ವರ್ಷ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಮತ್ತೆ ಮೊದಲಿನಿಂದ. ಹನ್ನೆರಡು ತುಂಬಿದ ಮೇಲೆ ಮಾತ್ರ ನಿನ್ನ ಊರಿನ ಹವೆಯ ಬಗ್ಗೆ ಬಾಯಿ ತೆರಿ" ಎಂದಿದ್ದರು.

ಪಡಸಾಲೆಯ ನೆರಳಿನ ಗೋಡೆಗೆ ಅದನ್ನು ತೂಗುಹಾಕಿದೆ. ಮುಂಜಾನೆ ಲಿಂಗಪೂಜೆ ಮುಗಿದ ಕೂಡಲೇ ಒಮ್ಮೆ, ಮಧ್ಯಾಹ್ನ ಊಟಕ್ಕೆ ಮುಂಚೆ ಒಮ್ಮೆ. ಹೆರಿಗೆಯಾದ ದಿನ ಕೂಡ ಸೂಲಗಿತ್ತಿಯ ಕೈಗೆ ಕಂದೀಲು ಕೊಟ್ಟು ಅಂಕಿ ಓದಿಸಿದ್ದೇನೆ. ಯಜಮಾನರು ತೀರಿಕೊಂಡು ಹೊಲ ಮನೆ ಎಲ್ಲ ನನ್ನ ಕೈಗೆ ಬಂದ ವರ್ಷವೂ ತಪ್ಪಲಿಲ್ಲ.

ಆದರೆ ವರ್ಷ ಕಳೆದಂತೆ ನನಗೆ ಒಳಗೊಳಗೇ ಹೆದರಿಕೆ ಹುಟ್ಟಿತು. ಚಳಿಗಾಲದ ಮುಂಜಾನೆಯ ಅಂಕಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಯುತ್ತಿತ್ತು. ನಮ್ಮ ಬಿಳಿಜೋಳ ಹಿಂಗಾರಿಯ ಬೆಳೆ. ಅದು ಬದುಕುವುದು ಮಳೆಯಿಂದಲ್ಲ, ಥಂಡಿಯಿಂದ, ಇಬ್ಬನಿಯಿಂದ. ಥಂಡಿ ಹೋದರೆ ರೊಟ್ಟಿ ಹೋಯಿತು. ನಿಂಬರ್ಗಾದಲ್ಲಿ ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಒಕ್ಕಲಿಗ ವರ್ಷಕ್ಕೊಮ್ಮೆ ಬಂದು ಕೇಳುತ್ತಿದ್ದ: "ಅವ್ವಾರ, ಜೋಳಾನೇ ಬಿತ್ಲೋ, ಎಲ್ಲಾ ತೊಗರಿಗಿ ಹೊಳ್ಳಿಸ್ಲೋ? ನಿಮ್ಮ ಪುಸ್ತಕ ಏನಂತದ?"

"ಹನ್ನೆರಡು ತುಂಬಲಿ, ಹೇಳ್ತೇನಿ" ಎನ್ನುತ್ತಿದ್ದೆ.

"ಅಲ್ಲೀತನಕ ಉಣ್ಣೋದು ಬಿಡಬೇಕೇನ್ರಿ?" ಎನ್ನುತ್ತ ಹೋಗುತ್ತಿದ್ದ.

ಗೋಡೆಗೆ ಜ್ವರ

ಊರವರಿಗೆ ಥರ್ಮಾಮೀಟರ್ ಎಂದರೆ ಒಂದೇ: ದವಾಖಾನೆಯ ಡಾಕ್ಟರು ಬಗಲಲ್ಲಿ ಇಡುವ ಜ್ವರದ ಕಡ್ಡಿ. ನಮ್ಮ ಓಣಿಯ ಮುದುಕಿಯೊಬ್ಬಳು ಒಂದು ದಿನ ಬಂದು, ಸೆರಗು ಸರಿಸಿ, ಗೋಡೆಗೆ ಬಗಲು ಒತ್ತಿಕೊಂಡು ನಿಂತುಬಿಟ್ಟಳು.

"ಯಾಕವ್ವಾ, ಏನ್ ಮಾಡಾಕತ್ತಿ?" ಎಂದೆ.

"ಜ್ವರ ನೋಡಬೇ. ಡಾಕ್ಟರ ಹಂತ್ಯಾಕ ಹೋದ್ರ ಕಹಿ ನೀರು ಕುಡಸ್ತಾನ."

"ಇದು ಮನುಷ್ಯರ ಜ್ವರ ನೋಡೋದಲ್ಲವ್ವಾ. ಇದು ಪಡಸಾಲೆಯ ಬಿಸಿ ನೋಡುತ್ತದೆ."

ಮುದುಕಿ ನನ್ನ ಮುಖವನ್ನೂ ಗೋಡೆಯನ್ನೂ ಒಂದೊಂದು ಸಲ ನೋಡಿದಳು. "ಎಷ್ಟದ ಈಗ?"

"ನೂರಾ ಆರು."

ಮುದುಕಿ ಗಾಬರಿಯಾಗಿ ಒಳಗಿದ್ದ ನಮ್ಮ ಅತ್ತೆಯನ್ನು ಕೂಗಿದಳು: "ಏ ಯಕ್ಕಾ, ನಿಮ್ಮ ಗ್ವಾಡಿಗಿ ನೂರಾ ಆರು ಜ್ವರ ಬಂದಾದ. ಈಕಿ ನಿಂತು ಬರಕೋತ ನಿಂತಾಳ! ಒಂದು ತಣ್ಣೀರ ಪಟ್ಟೀನಾರ ಹಚ್ಚಬಾರದೇನ?"

ರೈಲು ಅವರದು

ಪಟ್ಟಣದಿಂದ ಬರುತ್ತಿದ್ದ ಪತ್ರಿಕೆಯಲ್ಲಿ ಒಮ್ಮೆ ಒಂದು ಸುದ್ದಿ ಇತ್ತು. ಕಲ್ಲಿದ್ದಲು ಸುಟ್ಟ ಹೊಗೆಯಿಂದ ಭೂಮಿಯೆಲ್ಲ ಸ್ವಲ್ಪ ಸ್ವಲ್ಪವೇ ಬಿಸಿಯಾಗುತ್ತಿದೆಯಂತೆ, ವಿಲಾಯತಿಯ ವಿದ್ವಾಂಸರೊಬ್ಬರು ಹೇಳಿದ್ದಾರೆ, ಮತ್ತು ಅದು ಒಳ್ಳೆಯದೇ ಅಂತೆ. ಚಳಿ ದೇಶಗಳಲ್ಲಿ ಬೆಳೆ ಚೆನ್ನಾಗಿ ಬರುತ್ತದಂತೆ. ನಾನೊಬ್ಬಳೇ ಆಳಂದದ ಗೋಡೆಯಲ್ಲಿ ನೋಡುತ್ತಿದ್ದುದನ್ನು ಯಾರೋ ಲೋಕದಲ್ಲೆಲ್ಲ ನೋಡಿದ್ದಾರೆ! ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತವರಿಗೆ ಓದಿ ಹೇಳಿದೆ.

ಉಬ್ಬಸದ ಮನುಷ್ಯನೊಬ್ಬ ಕೈಮುಗಿದ. "ಥಂಡಿ ಹೋಗ್ತದಂದ್ರ ಆ ವಿಲಾಯತಿಯವ್ರ ಬಾಯಾಗ ಸಕ್ರಿ ಹಾಕಬೇಕು."

"ನಿನಗ ಸಕ್ರಿ, ನನ್ನ ಬಾಯಾಗ ಮಣ್ಣು" ಎಂದ ಕಂಬಳಿ ಮಾರುವವನು. "ಗರ್ಮ್ಯಾಗ ನನ್ನ ಕಂಬಳಿ ಯಾರು ತಗೋತಾರ?"

ನಮ್ಮ ಅತ್ತೆ ಒಳಗಿನಿಂದಲೇ ಲಾಭ ಹೇಳಿದರು. "ಹಪ್ಪಳ, ಸಂಡಿಗಿ ಒಂದೇ ದಿನಕ್ಕ ಒಣಗ್ತಾವ. ಛಲೋನೇ ಆತು."

"ಜೋಳ ಹೋದ ಮೇಲೆ ಬರೀ ಹಪ್ಪಳ ತಿಂದು ಇರೋಣೇನ್ರಿ ಅತ್ತಿ?" ಎಂದೆ.

ನಿಂಬರ್ಗಾದ ಒಕ್ಕಲಿಗನೂ ಅಂದು ಬಂದಿದ್ದ. ಅವನು ಕೇಳಿದ: "ಅವ್ವಾರ, ಈ ಕಲ್ಲಿದ್ದಲು ಸುಡೋರು ಯಾರು?"

"ರೈಲಿನವರು, ಗಿರಣಿಯವರು."

"ಆಳಂದಕ್ಕ ರೈಲು ಅದ ಏನ್ರಿ?"

"ಇಲ್ಲ."

"ಹಂಗಾದ್ರ ಇದು ಯಾವ ನ್ಯಾಯ್ರೀ? ರೈಲು ಹತ್ತಾಕ ನಾವು ಗುಲ್ಬರ್ಗಾತನಕ ಗಾಡಿ ಹೊಡಕೊಂಡು ಹೋಗಬೇಕು. ಅದರ ಹೊಗಿ ಮಾತ್ರ ಮನಿ ಮುಂದೇ ಬಂದು ನಿಲ್ತದ!"

ಅಫಜಲಪುರಕ್ಕೆ ಎರಡು ಹೆಚ್ಚು

ಆ ಸುದ್ದಿ ಓದಿದ ಮೇಲೆ ನನಗೆ ಒಂದೇ ಊರಿನ ಲೆಕ್ಕ ಸಾಲದು ಅನಿಸಿತು. ಎರಡು ಥರ್ಮಾಮೀಟರ್ ತರಿಸಿ, ಒಂದನ್ನು ಅಫಜಲಪುರದಲ್ಲಿದ್ದ ನಾದಿನಿಗೆ, ಇನ್ನೊಂದನ್ನು ಜೇವರ್ಗಿಯಲ್ಲಿದ್ದ ನಮ್ಮ ಸಂಬಂಧಿಕ ಮಾಸ್ತರರಿಗೆ ಕಳಿಸಿದೆ. ಹೇಗೆ ಬರೆಯಬೇಕೆಂದು ತಿಳಿಯಲಿ ಎಂದು ವಾರವಾರ ಆಳಂದದ ಅಂಕಿಗಳನ್ನೂ ಕಾಗದದಲ್ಲಿ ಬರೆಯುತ್ತಿದ್ದೆ.

ನಾದಿನಿಯ ಅಂಕಿಗಳು ತಪ್ಪದೆ ಬರತೊಡಗಿದವು. ಅಂದವಾದ ಅಕ್ಷರ, ಒಂದೂ ಹೊಡೆದುಹಾಕಿದ ಗುರುತಿಲ್ಲ. ಆದರೆ ಒಂದು ವಿಚಿತ್ರ: ಆಳಂದದಲ್ಲಿ ನೂರಾ ಮೂರು ಎಂದರೆ ಅಫಜಲಪುರದಲ್ಲಿ ನೂರಾ ಐದು. ಇಲ್ಲಿ ನೂರಾ ಆರು, ಅಲ್ಲಿ ನೂರಾ ಎಂಟು. ಭೀಮೆಯ ದಂಡೆಯ ಊರು ಹೀಗೇಕೆ ಕಾಯುತ್ತಿದೆ ಎಂದು ನಾನು ಎರಡು ವಾರ ಸರಿಯಾಗಿ ಉಣ್ಣಲಿಲ್ಲ.

ಒಂದು ವಾರ ಅವಸರದಲ್ಲಿ ನೂರಾ ಏಳು ಎಂದು ಬರೆಯುವಲ್ಲಿ ಕೈತಪ್ಪಿ ನೂರಾ ಎಪ್ಪತ್ತು ಎಂದು ಬರೆದಿದ್ದೆ. ಮುಂದಿನ ಟಪಾಲಿನಲ್ಲಿ ನಾದಿನಿಯ ಉತ್ತರ ಬಂತು:

"ವೈನಿ, ನಮ್ಮಲ್ಲಿ ನೂರಾ ಎಪ್ಪತ್ತೆರಡು. ಅಫಜಲಪುರ ಯಾವುದ್ರಾಗೂ ಕಡಿಮಿ ಇಲ್ಲ."

ದಣಿದ ಪಾದರಸ

ಜೇವರ್ಗಿಯ ಅಂಕಿ ಮಾತ್ರ ನನಗೆ ಸಮಾಧಾನ ಕೊಡುತ್ತಿತ್ತು. ಸುಡುವ ವೈಶಾಖದಲ್ಲೂ ಎಂಬತ್ತು ದಾಟುತ್ತಿರಲಿಲ್ಲ. ಒಂದಾದರೂ ತಂಪಾದ ಊರು ಉಳಿದಿದೆ, ಬೇಕಾದರೆ ಮಕ್ಕಳು ಮರಿಯನ್ನು ಅಲ್ಲಿಗೆ ಸಾಗಿಸಬಹುದು ಎಂದುಕೊಂಡು ಮನೆಯ ಅಂಕಿ ಬರೆಯುವುದನ್ನು ಮಗನಿಗೆ ಕಲಿಸಿಟ್ಟು, ಗಾಡಿ ಕಟ್ಟಿಸಿ ನೋಡಲು ಹೋದೆ. ಬಿಸಿಲಿಗೆ ದಾರಿಯಲ್ಲೇ ಎತ್ತುಗಳ ನಾಲಿಗೆ ಹೊರಬಿದ್ದಿತ್ತು. ಮಾಸ್ತರರ ಮನೆಯ ಗೋಡೆಯಲ್ಲಿ ಥರ್ಮಾಮೀಟರ್ ಕಾಣಲಿಲ್ಲ.

"ಎಲ್ಲಿ ಇಟ್ಟೀರಿ?"

ಮಾಸ್ತರರು ನೀರಿನ ಹರವಿಯ ಮುಚ್ಚಳ ತೆಗೆದು, ದಾರ ಹಿಡಿದು ಬಾವಿಯಿಂದ ಕೊಡ ಸೇದುವಂತೆ ಅದನ್ನು ಮೇಲಕ್ಕೆ ಎಳೆದರು.

"ಹೊರಗ ಇಟ್ಟಿದ್ದೆನ್ರಿ ಅಕ್ಕಾರ. ಪಾಪ, ಪಾದರಸ ದಿನಾ ಮ್ಯಾಲ ಹತ್ತಿ ಹತ್ತಿ ದಣೀತಿತ್ತು. ಒಂದು ಮೂಕ ಪ್ರಾಣಿ, ಅದಕ್ಕೂ ನೆಳ್ಳು ಬ್ಯಾಡೇನ್ರಿ?"

ನೂರಾ ಎಂಟು ಡಿಗ್ರಿ

ಹೀಗಾಗಿ ನಂಬಬಹುದಾದ ಪುಸ್ತಕ ಉಳಿದದ್ದು ಒಂದೇ, ನನ್ನದು. ಅದು ಹನ್ನೆರಡನೆಯ ವರ್ಷ. ತುಂಬಲು ಎರಡು ತಿಂಗಳು ಬಾಕಿ. ಆಗಲೇ ಆ ಆಪತ್ತು ಬಂತು.

ಅದು ನಿಜಾಮರ ರಾಜ್ಯದ ಕಡೆಯ ವರ್ಷಗಳು. ಕಟ್ಟೆಯ ಮೇಲೆ ನಾಲ್ವರು ಕೂತರೆ ಐದನೆಯವನು ಪೊಲೀಸಿನವನೇ ಎಂದು ತಿಳಿಯಬೇಕಾದ ದಿನಗಳು. ಎಲ್ಲಿ ಚಳವಳಿ, ಯಾರು ಯಾರನ್ನು ಕೂಡಿಸುತ್ತಿದ್ದಾರೆ ಎಂದು ಟಪಾಲು ಒಡೆದು ನೋಡುತ್ತಿದ್ದರು. ನಾದಿನಿಗೆ ಬರೆದ ನನ್ನ ಕಾಗದ ಅವರ ಕೈಗೆ ಸಿಕ್ಕಿತು. 'ಉಷ್ಣ' ಎಂದು ಬರೆದರೆ ಆಕೆ ನನ್ನ ಮೈಗೆ ಉಷ್ಣವಾಗಿದೆ ಎಂದು ತಿಳಿದು, ಮೆಂತ್ಯ ನೆನೆಸಿ ಕುಡಿಯಿರಿ ಎಂದು ಉತ್ತರ ಬರೆಯುತ್ತಿದ್ದಳು. ಅದಕ್ಕೇ ನಾನು 'ಗರಮ್' ಎಂಬ ಮಾತನ್ನೇ ಬಳಸುತ್ತಿದ್ದೆ. ಕಾಗದದಲ್ಲಿ ಇದ್ದದ್ದು ಇಷ್ಟು:

"ಆಳಂದ ದಿನದಿನಕ್ಕೆ ಗರಮ್ ಆಗುತ್ತಿದೆ. ಅಫಜಲಪುರ ನಮಗಿಂತ ಮುಂದಿದೆ ಎಂದು ನೀನು ಹೇಳುತ್ತೀ. ಜೇವರ್ಗಿ ತಣ್ಣಗಿತ್ತು, ನಾನೇ ಹೋಗಿ ಮಾಸ್ತರರಿಗೆ ಬುದ್ಧಿ ಹೇಳಿ ಬಂದಿದ್ದೇನೆ. ಇನ್ನು ಅಲ್ಲಿಯೂ ಏರುತ್ತದೆ."

ಠಾಣೆಯ ಮೇಲಧಿಕಾರಿಯಾದ ಅಮೀನ್ ಸಾಹೇಬರು ಒಬ್ಬ ಹವಾಲ್ದಾರನೊಂದಿಗೆ ಮನೆಗೆ ಬಂದು, ನನ್ನ ಪುಸ್ತಕ ತರಿಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು.

"ಬಾಯಿ ಸಾಹೇಬ್, ಮುಂಜಾನಿ ಎಪ್ಪತ್ತಾರು, ಮಧ್ಯಾಹ್ನ ನೂರಾ ಎಂಟು. ನಡುವ ಮೂವತ್ತೆರಡು ಮಂದಿ ಎಲ್ಲಿಂದ ಬಂದ್ರು?"

"ಮಂದಿ ಅಲ್ರಿ, ಅದು ಡಿಗ್ರಿ."

"ಡಿಗ್ರಿ ಅಂದ್ರ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೆಮ್ಮೆಯಿಂದ ಹೇಳಿದರು: "ಡಿಗ್ರಿ ಗೊತ್ತಿಲ್ಲೇನ್ರಿ ಸಾಹೇಬ? ನಮ್ಮ ಸೊಸಿ ಮಾಡ್ಯಾಳಲ್ಲ, ಬಿ.ಎ.!"

ಅಮೀನ್ ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು.

"ಯಾ ಅಲ್ಲಾ! ಬಿ.ಎ. ಮಾಡಿದವರು ನೂರಾ ಎಂಟು ಮಂದಿ? ಒಂದೇ ಮನ್ಯಾಗ? ಹವಾಲ್ದಾರ್, ಇದು ನಾವು ತಿಳಕೊಂಡದ್ದಕ್ಕಿಂತ ಭಾರೀ ಅದ!"

ಹದಿನೇಳು ದಿನ

"ನನ್ನನ್ನು ಬೇಕಾದರೆ ಒಯ್ಯಿರಿ, ಪುಸ್ತಕ ಬಿಡ್ರಿ" ಎಂದೆ. ನಿಜವಾಗಿಯೂ ಹಾಗೆಯೇ ಅಂದೆ. ಸುಳ್ಳು ಬರೆಯುವವಳಲ್ಲ ನಾನು. ಹೆಂಗಸನ್ನು ಒಯ್ದರೆ ಊರು ಏಳುತ್ತದೆ ಎಂದು ಅವರು ಪುಸ್ತಕ ಒಯ್ದರು. ಪುರಾವೆ ಎಂದು ಗೋಡೆಯ ಥರ್ಮಾಮೀಟರನ್ನೂ ಕಿತ್ತು ಒಯ್ದರು.

ಗೋಡೆಯಲ್ಲಿ ಬರೀ ಮೊಳೆ ಉಳಿಯಿತು. ಮುಂಜಾನೆ ಪೂಜೆ ಮುಗಿಸಿ ಆ ಮೊಳೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಹನ್ನೊಂದು ವರ್ಷ ಹತ್ತು ತಿಂಗಳು! ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ. ಇನ್ನೂ ಹನ್ನೆರಡು ವರ್ಷ ನನಗೆ ಆಯುಷ್ಯ ಇದ್ದೀತೋ ಇಲ್ಲವೋ. ಅಷ್ಟರಲ್ಲಿ ಜೋಳದ ಗತಿ ಏನು? ಒಕ್ಕಲಿಗನಿಗೆ ಏನು ಹೇಳಲಿ? ದಿನ ಬಿಟ್ಟು ದಿನ ಠಾಣೆಗೆ ಹೋದೆ. ಅಮೀನ್ ಸಾಹೇಬರು ಭೇಟಿ ಕೊಡಲಿಲ್ಲ. ಆ ಹವಾಲ್ದಾರ ಮಾತ್ರ ಒಳ್ಳೆಯ ಮನುಷ್ಯ. ನನ್ನ ಕಣ್ಣಲ್ಲಿ ನೀರು ನೋಡಿ ಬಾಗಿಲಲ್ಲೇ ಮೆಲ್ಲಗೆ ಹೇಳಿದ:

"ಬಾಯಿ ಸಾಹೇಬ್, ಚಿಂತಿ ಮಾಡಬ್ಯಾಡ್ರಿ. ನಿಮ್ಮ ಪುಸ್ತಕದಾಗ ಒಂದು ದಿನಾನೂ ಖಾಲಿ ಬಿಟ್ಟಿಲ್ಲ. ನಾನೇ ನೋಡಿ ಬರಿಯಾಕತ್ತೇನಿ. ಎರಡೂ ಹೊತ್ತು."

ಅವನ ಕಾಲಿಗೆ ಬೀಳುವುದೊಂದು ಬಾಕಿ.

ಕಡೆಗೆ ದವಾಖಾನೆಯ ಡಾಕ್ಟರರು ಠಾಣೆಗೆ ಹೋಗಿ ಡಿಗ್ರಿ ಎಂದರೆ ಏನು ಎಂದು ತಿಳಿಸಿ ಹೇಳಿದ ಮೇಲೆ, ಹದಿನೆಂಟನೆಯ ದಿನ ಎರಡೂ ಸಾಮಾನು ವಾಪಸ್ ಕೊಡುತ್ತೇವೆಂದು ಹೇಳಿಕಳಿಸಿದರು. ಅಂದು ನಿಂಬರ್ಗಾದ ಒಕ್ಕಲಿಗ ಊರಿಗೆ ಬಂದಿದ್ದ. ಅವನೂ ನನ್ನ ಜೊತೆ ಬಂದ. ಠಾಣೆಯ ಮೆಟ್ಟಿಲ ಮೇಲೆ ನಿಂತೇ ಪುಸ್ತಕ ಬಿಚ್ಚಿದೆ. ಉರ್ದು ಅಂಕಿಗಳಲ್ಲಿ ಹದಿನೇಳು ದಿನವೂ ಅಚ್ಚುಕಟ್ಟಾಗಿ ತುಂಬಿದ್ದವು.

ತೊಂಬತ್ತೆಂಟು, ತೊಂಬತ್ತೆಂಟು, ತೊಂಬತ್ತೆಂಟು.

ಒಕ್ಕಲಿಗನ ಮುಖ ಅರಳಿತು. "ನೂರಾ ಎಂಟರಿಂದ ತೊಂಬತ್ತೆಂಟಕ್ಕ ಇಳೀತು! ಥಂಡಿ ಬಂತ್ರೀ ಅವ್ವಾರ! ಜೋಳಾನೇ ಬಿತ್ತಲೇನ್ರಿ?"

"ತಡಿ" ಎಂದೆ. ಮೈಮೇಲಿನ ಸೀರೆ ಬೆವರಿಗೆ ಅಂಟಿಕೊಂಡಿತ್ತು. ಈ ಬಿಸಿಲಿಗೆ ತೊಂಬತ್ತೆಂಟೆ? ಮುಂಜಾನೆಯೂ ಅದೇ, ಮಧ್ಯಾಹ್ನವೂ ಅದೇ? ಹನ್ನೊಂದನೆಯ ದಿನ ಮಾತ್ರ ನೂರಾ ಒಂದು. ಹವಾಲ್ದಾರನನ್ನು ಕೇಳಿದೆ: "ಅಪ್ಪಾ, ಇದನ್ನು ಎಲ್ಲಿ ಇಟ್ಟು ನೋಡಿದಿ?"

"ಎಲ್ಲಿಡ್ತಾರ್ರೀ? ಡಾಕ್ಟರ್ ಸಾಹೇಬರು ಇಡ್ತಾರಲ್ಲ, ಅಲ್ಲೇ. ಬಗಲಾಗ."

"ನಿನ್ನ ಬಗಲಾಗ?"

"ಮತ್ತ? ಅಮೀನ್ ಸಾಹೇಬರನ್ನ ಕೇಳಾಕ ಆಗ್ತದೇನ್ರಿ?"

"ಹನ್ನೊಂದನೆಯ ದಿನ ನೂರಾ ಒಂದು ಯಾಕಾಯ್ತು?"

"ಅವತ್ತ ನನಗ ಚಳಿಜ್ವರ ಬಂದಿತ್ರಿ" ಎಂದ, ಕೊಂಚ ಅಭಿಮಾನದಿಂದಲೇ. "ಎಲ್ಲಾರೂ ಮನಿಗಿ ಹೋಗು ಅಂದ್ರು. ಹೋಗಲಿಲ್ಲ. ಬಾಯಿ ಸಾಹೇಬರ ಪುಸ್ತಕ ಖಾಲಿ ಉಳೀತದಂತ ಕಂಬಳಿ ಹೊತ್ಕೊಂಡು ಡ್ಯೂಟಿಗಿ ಬಂದೆ."

ಡ್ಯೂಟಿ ಎಂದರೆ ಏನೆಂದು ನನಗಿಂತ ಚೆನ್ನಾಗಿ ತಿಳಿದವನಿಗೆ ಬೈಯುವುದು ಹೇಗೆ? ಕೈಮುಗಿದು ಬಂದೆ.

ದಾರಿಯಲ್ಲಿ ಒಕ್ಕಲಿಗ ಮತ್ತೆ ಅದನ್ನೇ ಕೇಳಿದ. ಆ ಹದಿನೇಳು ದಿನ ಬಿಟ್ಟರೆ ಉಳಿದದ್ದೆಲ್ಲ ನಿಜ, ಮತ್ತು ಆ ನಿಜ ನನ್ನ ನಿದ್ದೆ ಕೆಡಿಸಿದ್ದೂ ನಿಜ. "ಅರ್ಧ ಜೋಳ, ಅರ್ಧ ತೊಗರಿ ಹಾಕು. ಥಂಡಿಯನ್ನು ಪೂರ್ತಿ ನಂಬಬ್ಯಾಡ" ಎಂದೆ.

"ಹೋಗಲಿ ಬಿಡ್ರಿ ಅವ್ವಾರ, ಬಾಯಿ ತೆರೆದ್ರಲ್ಲ" ಎಂದ.

ಹಾಳೆ ಹರಿಯಬೇಕೇ, ಮತ್ತೆ ಮೊದಲಿನಿಂದ ಶುರುಮಾಡಬೇಕೇ ಎಂದು ಮೂರು ದಿನ ಯೋಚಿಸಿದೆ. ಗುರುಗಳು ಹೇಳಿದ್ದು ಒಂದು ದಿನವೂ ತಪ್ಪದೆ ಬರೆಯಬೇಕು ಎಂದು; ಯಾರ ಬಿಸಿ ಎಂದು ಅವರು ಹೇಳಿರಲಿಲ್ಲ. ಹರಿಯಲಿಲ್ಲ. ಆ ಪುಟದ ಷರಾದಲ್ಲಿ ಸತ್ಯವಾದದ್ದನ್ನೇ ಒಂದು ಸಾಲು ಬರೆದೆ:

"ಮೇಲಿನ ಹದಿನೇಳು ದಿನ ಆಳಂದ ಪೊಲೀಸರ ಬಗಲಲ್ಲಿತ್ತು."