ಟೀ ನೆನಪಿಸುವ ಕಾರು

ಕಾರು ಕೈಗೆ ಬಂದ ಹೊಸದರಲ್ಲಿ, ಸ್ಟಿಯರಿಂಗಿನ ಹಿಂದೆ ಆಗಾಗ ಹೊತ್ತಿಕೊಳ್ಳುತ್ತಿದ್ದ ಕೆಂಪು ದೀಪವೊಂದು ನಮ್ಮ ಗುಮಾಸ್ತನಿಗೆ ಬಹಳ ಹಿಡಿಸಿತ್ತು. ಅದರಲ್ಲಿ ಉದ್ದ ಮೂತಿಯ ಪುಟ್ಟ ಪಾತ್ರೆಯ ಚಿತ್ರ. ಟೀ ಕೆಟಲ್ಲೇ ಇರಬೇಕು, ದಣಿದವನಿಗೆ ಕಾರೇ ನೆನಪಿಸುತ್ತಿದೆ ಎಂದುಕೊಂಡು, ದೀಪ ಹೊತ್ತಿದಾಗಲೆಲ್ಲ ಗಾಡಿ ನಿಲ್ಲಿಸಿ ಟೀ ಕುಡಿದು ಬರುತ್ತಿದ್ದ. (ಹೆಂಡತಿಗೂ ಕುಡಿಸುತ್ತಿದ್ದ, ಜಿಪುಣನಲ್ಲ.) ಅದು ಇಂಜಿನ್ ಆಯಿಲ್ ಕಡಿಮೆಯಾದ ಎಚ್ಚರಿಕೆಯೆಂದು ತಿಳಿದದ್ದು, ಮಾವ ದಯಪಾಲಿಸಿದ ಆ ವಯೋವೃದ್ಧ ವಾಹನ ನಡುರಸ್ತೆಯಲ್ಲಿ ಮೂರ್ಛೆ ಹೋದಾಗ.

"ಇನ್ನೊಂದ್ಸಲ ಗಾಡಿ ಕೆಟ್ರೆ ಕೀ ನನ್ನ ತಮ್ಮನಿಗೆ!" ಎಂದು ಹೆಂಡತಿ ಶಾಸನ ಹೊರಡಿಸಿದಳು.

ಅಂದಿನಿಂದ ಗುಮಾಸ್ತನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಸರ್ವಿಸಿಗೆ ಹೋದರೆ ಮೆಕ್ಯಾನಿಕ್‌ನ ಬೆನ್ನ ಹಿಂದೆಯೇ ನಿಲ್ಲುವುದು, ಕಳಚಿಟ್ಟ ಫಿಲ್ಟರನ್ನು ಮೂಸಿ ನೋಡುವುದು, ಆಯಿಲ್ ಸುರಿಯುವಾಗ ರೆಪ್ಪೆ ಮಿಟುಕಿಸದಿರುವುದು. ಕಣ್ಣೆದುರೇ ಇಷ್ಟು ಧಾರಾಳವಾಗಿ ಸುರಿಯುತ್ತಾನೆಂದರೆ ಎಲ್ಲೋ ಮೋಸವಿರಲೇಬೇಕು! ಇಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಬಹುದಿತ್ತು. ಆದರೆ ಅದೂ ಮೆಕ್ಯಾನಿಕ್‌ನ ಪಕ್ಷವೇ ಎಂಬ ಗುಮಾನಿ. ಹಾಗಾಗಿ ಹೆಂಡತಿ ಸ್ನಾನಕ್ಕೆ ಹೋದಾಗಲೆಲ್ಲ ಬಾನೆಟ್ ಎತ್ತಿ, ಸ್ವಂತ ಡಬ್ಬದಿಂದ ಒಂದು ಗುಟುಕು ಆಯಿಲ್ ಕುಡಿಸಿ ಬರುತ್ತಿದ್ದ.

ಒಂದು ಭಾನುವಾರ ಇಬ್ಬರೂ ಹೊರಟರೆ, ಕಾರು ಬೀದಿ ತುಂಬ ನೀಲಿ ಹೊಗೆ ಕಾರಿತು. ಗುಮಾಸ್ತ ಸೀದಾ ಗ್ಯಾರೇಜಿಗೆ ನುಗ್ಗಿದ.

"ಅದೇನ್ರೀ ಕಲಬೆರಕೆ ಆಯಿಲ್ ಹಾಕಿದೀರಿ?"

ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ ನಕ್ಕುಬಿಟ್ಟ. "ಕಂಠಮಟ್ಟ ತುಂಬಿದೆ ಸಾರ್, ಹೆಚ್ಚಾಗಿದ್ದು ಉರಿದೇ ಈ ಹೊಗೆ! ನಾನು ಹಾಕಿದ್ಮೇಲೆ ಯಾರು ಹಾಕಿದ್ದು?"

ಹೆಂಡತಿಯ ಅಂಗೈ ಕೀಗಾಗಿ ಮುಂದೆ ಬಂತು.

"ಒಂದೊಂದೇ ಗುಟುಕು ಕಣೇ! ಡಬ್ಬ ಅರ್ಧಾನೂ ಖಾಲಿಯಾಗಿಲ್ಲ, ಬೇಕಾದ್ರೆ ನೋಡು," ಎನ್ನುತ್ತ ಗುಮಾಸ್ತ ಡಿಕ್ಕಿ ತೆರೆದು, ಸ್ಟೆಪ್ನಿ ಚಕ್ರದ ಹಿಂದೆ ಕೈ ಹಾಕಿದ. ಕೈಗೆ ಬಂದದ್ದು ಬೇರೊಂದು ಆಯಿಲ್ ಡಬ್ಬ. ಅವರದೇ ಮನೆಯ ದಿಂಬಿನ ಕವರಿನಲ್ಲಿ ಸುತ್ತಿತ್ತು. ಪೂರ್ತಿ ಖಾಲಿ.

ಹೆಂಡತಿ ಗ್ಯಾರೇಜಿನ ಚಾವಣಿಯನ್ನು ಆಸಕ್ತಿಯಿಂದ ನೋಡತೊಡಗಿದಳು.

ಗುಮಾಸ್ತನ ಎದೆ ಉಬ್ಬಿತು. "ಓಹೋ, ನೀನೂನಾ! ನಾನು ಇಷ್ಟು ಜೋಪಾನ ಮಾಡ್ತಿರುವಾಗ ಕದ್ದುಮುಚ್ಚಿ ಯಾಕೆ ಹಾಕ್ದೆ? ಗಂಡನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ಅವಳು ಅವನ ಜೇಬಿನಿಂದ ಕೀ ಎಳೆದುಕೊಂಡಳು.

"ಇಲ್ಲ. ದೀಪ ಹೊತ್ತಿದ್ರೆ ನೀವು ಟೀಗೆ ಹೋಗ್ತೀರಿ."