‘ಹೋಗು’ ಎನ್ನಲೊಲ್ಲದ ಸರ್ವಮಂಗಳಮ್ಮನವರ ಕೀಲಿಮಣೆ ಸಮರ

ಸಾಲುಸಾಲು ಗುಂಡಿಗಳ ಸಿಂಹಾಸನದಲ್ಲಿ ವಿರಾಜಿಸುತ್ತ, ಒತ್ತಿದವರಿಗೆ ಅಕ್ಷರವನ್ನೂ ತಪ್ಪಾಗಿ ಒತ್ತಿದವರಿಗೆ ಶಿಕ್ಷೆಯನ್ನೂ ತತ್‌ಕ್ಷಣವೇ ದಯಪಾಲಿಸುವ ಕೀಲಿಮಣೆಯ ಮಹಾತಾಯಿಯೇ, ನಿನಗೆ ನಮೋ ನಮಃ! ಕಪ್ಪು ತೆರೆಯ ಮೂಲೆಯಲ್ಲಿ ಕುಳಿತು, ಕಣ್ಣು ಮಿಟುಕಿಸುತ್ತ, ‘ಹೇಳು, ಮುಂದೇನು?’ ಎಂದು ಸಕಲ ಚರಾಚರವನ್ನೂ ಕಾಯಿಸುವ ಕರ್ಸರ್ ಸ್ವಾಮಿಯೇ, ನಿನಗೂ ಒಂದು ಅಡ್ಡ ನಮಸ್ಕಾರ! ಯಂತ್ರಗಳು ಮನುಷ್ಯರನ್ನು ಪ್ರಶ್ನಿಸಲಾರಂಭಿಸಿದ, ಮನುಷ್ಯರು ಉತ್ತರ ಗೊತ್ತಿದ್ದೂ ತಬ್ಬಿಬ್ಬಾಗತೊಡಗಿದ ಈ ವಿಚಿತ್ರ ಯುಗದಲ್ಲಿ, ಹಾಸನ ಪಟ್ಟಣದ ಒಂದು ತಾರಸಿ ಮನೆಯ ನಡುಮನೆಯೊಳಗೆ, ಶುಕ್ರವಾರದ ಗೋಧೂಳಿಯ ಹೊತ್ತಿನಲ್ಲಿ ಭುಗಿಲೆದ್ದ ಘನಘೋರ ಸಮರವನ್ನು ಹೇಳಹೊರಟಿದ್ದೇನೆ. ನನ್ನ ಗಂಟಲು ಕಟ್ಟದಂತೆ ಕಾಪಾಡು. ಹಾಗೆಯೇ ಕರೆಂಟು ಹೋಗದಂತೆಯೂ ಕಾಪಾಡು. ಈ ಕಥೆಯಲ್ಲಿ ಅದು ಗಂಟಲಿಗಿಂತ ಮುಖ್ಯ.

ಕಥಾನಾಯಕನು ಚಂದ್ರಮೌಳಿ. ವಾಣಿಜ್ಯಶಾಸ್ತ್ರೋಪನ್ಯಾಸಕಕುಲತಿಲಕನೂ, ಯಾರೂ ಕಲಿಸದೆ ತಾನೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿತ ಸ್ವಯಮಾಚಾರ್ಯನೂ, ಯಾರೂ ಕೇಳದ ಪ್ರೋಗ್ರಾಮುಗಳನ್ನು ರಚಿಸಿ ಯಾರೂ ನೋಡದ ಫೋಲ್ಡರಿನಲ್ಲಿ ಪ್ರತಿಷ್ಠಾಪಿಸುವ ನಿಷ್ಕಾಮಕರ್ಮಯೋಗಿಯೂ ಆದ ಈ ವೀರನು, ಚೊಚ್ಚಲ ಬಸುರಿಯಾದ ಹೆಂಡತಿ ಬಿಂದುಶ್ರೀ ತವರಿಗೆ ಬಂದಾಗಿನಿಂದ ವಾರದ ಕೊನೆಗೆ ತಪ್ಪದೆ ಅತ್ತೆಯ ಮನೆಗೆ ಬರುತ್ತಿದ್ದ. ಬಂದರೆ ಅವನಿಗೆ ಹೊಸ ಟವೆಲು, ಮೊದಲ ಪಂಕ್ತಿ, ಗಟ್ಟಿ ಹಾಲಿನ ಕಾಫಿ. ಕೆಲಸ ಮಾತ್ರ ಇಲ್ಲ. ಅಳಿಯನಿಗೆ ಕೆಲಸ ಹೇಳುವುದು ಆ ಮನೆಯಲ್ಲಿ ಪಂಚಮಹಾಪಾತಕಗಳ ನಂತರದ ಆರನೆಯದು. ಹಾಗಾಗಿ ಅವನು ಕಂಪ್ಯೂಟರಿನ ಕಪ್ಪು ತೆರೆಯನ್ನು ನೋಡುತ್ತ ಕೂರುತ್ತಿದ್ದ. ಹೋದ ವಾರ ಮಾವ ಮಲ್ಲೇಶಪ್ಪನವರು ಹಿತ್ತಲಲ್ಲಿ ಯಾರಿಗೋ, “ಹುಡ್ಗ ಒಳ್ಳೆಯವ್ನೇ ಕಣಯ್ಯ. ಆದ್ರೆ ಅದೇನ್ ನೋಡ್ತಾನೋ, ಅದ್ರಲ್ಲಿ ಒಂದ್ ಚಿತ್ರಾನೂ ಇಲ್ಲ” ಎಂದದ್ದು ಅವನ ಕಿವಿಗೆ ಬಿದ್ದು, ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಈ ಮನೆಗೆ ಒಂದೇ ಒಂದು ಸಲ ಪ್ರಯೋಜನಕ್ಕೆ ಬರಬೇಕು ಎಂಬುದು ಅವನ ವ್ರತ.

ಇನ್ನು ನಾಯಕಿ. ಸಕಲಪುಷ್ಪಸಸ್ಯಪರಿಪಾಲಿನಿ, ನಡುಮನೆನಡುಗಿಸುವ ಮಿತಭಾಷಿಣಿ, ಗೃಹಿಣಿಯರ ತೋಟಗಾರಿಕಾ ಸಂಘದ ಕಾರ್ಯದರ್ಶಿನಿಯಾದ ಶ್ರೀಮತಿ ಸರ್ವಮಂಗಳಮ್ಮನವರು ಹೆಸರಿಗೆ ತಕ್ಕಂತೆ ಅಮಂಗಳದ ಒಂದಕ್ಷರವನ್ನೂ ನಾಲಿಗೆಯ ಮೇಲೆ ಸುಳಿಯಗೊಡದವರು. ಅವರ ಡಬ್ಬದಲ್ಲಿ ಅಕ್ಕಿ ಖಾಲಿಯಾಗುವುದಿಲ್ಲ, ‘ತುಂಬಿ ಬರುತ್ತದೆ’. ದೀಪ ಆರುವುದಿಲ್ಲ, ‘ಶಾಂತವಾಗುತ್ತದೆ’. ಅಳಿಯನೊಡನೆ ನೇರವಾಗಿ ಮಾತಾಡುವುದೂ ಅವರಿಗೆ ಸಂಕೋಚ. ಮದುವೆಯಾದಂದಿನಿಂದ ಎಲ್ಲ ವ್ಯವಹಾರವೂ ಮಗಳ ಮೂಲಕವೇ, ಅವನು ಎದುರಿಗೇ ಕೂತಿದ್ದರೂ ಸರಿ.

ಆ ಶುಕ್ರವಾರದ ಮರುದಿನ ಬೆಳಗ್ಗೆ ಸಂಘದ ಹೂವಿನ ಪ್ರದರ್ಶನ. ಪ್ರತಿ ಕುಂಡದ ಮುಂದೆ ಹೂವಿನ ಹೆಸರು, ಬೆಳೆದವರ ಹೆಸರು ಇರುವ ಚೀಟಿ ಇರಬೇಕು. ಚೀಟಿಯಿಲ್ಲದ ಕುಂಡದ ಕಡೆ ತೀರ್ಪುಗಾರರು ಮುಖ ಹಾಕುವುದಿಲ್ಲ. ಸಂಜೆ ಆರಕ್ಕೆ ಸಭಾಭವನಕ್ಕೆ ಬೀಗ, ಬೆಳಗ್ಗೆ ಬೀಗ ತೆಗೆಯುವುದು ತೀರ್ಪುಗಾರರು ಬಂದಾಗಲೇ. ಪ್ರತಿವರ್ಷ ಚೀಟಿ ಬರೆಯುತ್ತಿದ್ದ ಮುತ್ತಿನಕ್ಷರದ ಸದಸ್ಯೆಯ ಬಲಗೈ ಈ ವರ್ಷ ಪ್ಲಾಸ್ಟರಿನಲ್ಲಿತ್ತು. ‘ಚೀಟಿ ನನ್ನ ಜವಾಬ್ದಾರಿ’ ಎಂದು ಎಲ್ಲರೆದುರು ಮಾತು ಕೊಟ್ಟು ಬಂದಿದ್ದ ಸರ್ವಮಂಗಳಮ್ಮನವರು ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾರು ಬಡಿಸುತ್ತ ನಿಟ್ಟುಸಿರಿಟ್ಟರು.

ಆ ನಿಟ್ಟುಸಿರು ಕಿವಿಗೆ ಬಿದ್ದದ್ದೇ ತಡ, ಚಂದ್ರಮೌಳಿಯು ಎಂಜಲು ಕೈಯಲ್ಲೇ ಸಿಂಹದಂತೆ ಎದ್ದುನಿಂತು ಗರ್ಜಿಸಿದನು: “ಎಲೌ ಶ್ವಶ್ರೂದೇವಿ, ಚಿಂತೆಯನ್ನು ಬಿಡು! ಪ್ರಶ್ನೋತ್ತರಚತುರವಾದ ಒಂದು ಪ್ರೋಗ್ರಾಮನ್ನು ಈ ಅಪರಾಹ್ಣವೇ ರಚಿಸುವೆನು. ಅದು ಕೇಳುವುದು, ನೀನು ಹೇಳುವುದು. ಖಾಲಿ ಉತ್ತರ ಕೊಟ್ಟರೆ ಕೋಪಿಸಿಕೊಳ್ಳದು. ಹಿಂದೆಮುಂದೆ ಜಾಗ ಬಿಟ್ಟರೆ ತಾನೇ ಕತ್ತರಿಸಿಕೊಳ್ಳುವುದು. ಓಡುವ ಪ್ರೋಗ್ರಾಮನ್ನು ನಡುದಾರಿಯಲ್ಲೇ ಕೆಡವುವ ಕಂಟ್ರೋಲ್-ಸಿ ಎಂಬ ಬ್ರಹ್ಮಾಸ್ತ್ರವನ್ನೇ ಪ್ರಯೋಗಿಸಿದರೂ ಕೂದಲು ಕೊಂಕದೆ ನಿಲ್ಲುವುದು. ಮೂರು ಲೋಕದಲ್ಲೂ ಅದನ್ನು ಕೆಡಿಸಬಲ್ಲವರಿಲ್ಲ!”

ಹೀಗೆ ಬರೆಯಬೇಕಾದದ್ದು ಕವಿಯ ಧರ್ಮ. ಅವನು ನಿಜವಾಗಿ ಅಂದದ್ದು, “ಬಿಂದು, ಅತ್ತೆಗೆ ಹೇಳು, ಒಂದ್ ಪ್ರೋಗ್ರಾಮ್ ಬರ್ದ್ಕೊಡ್ತೀನಿ. ಏನ್ ಒತ್ತಿದ್ರೂ ಕೆಡಲ್ಲ.”

ಬರೆದದ್ದೂ ಹೌದು, ಅದು ಕೆಡದೆ ಇದ್ದದ್ದೂ ಹೌದು. ನಾಲ್ಕರ ಹೊತ್ತಿಗೆ ಸರ್ವಮಂಗಳಮ್ಮನವರು ಸೆರಗು ಸಿಕ್ಕಿಸಿ, ದಕ್ಷಿಣ ಹಸ್ತದ ತರ್ಜನಿಯೊಂದನ್ನೇ ಗದೆಯಂತೆ ಎತ್ತಿ, ಕೀಲಿಮಣೆಯ ಮುಂದೆ ವಿರಾಜಮಾನರಾದರು. ‘ಹೂವಿನ ಹೆಸರು?’ ಎಂದಿತು ತೆರೆ. ಸೇವಂತಿಗೆ ಎಂದರು ಅವರು. ‘ಬೆಳೆದವರ ಹೆಸರು?’ ಎಂದಿತು. ಅದನ್ನೂ ಹೇಳಿದರು. ಡೇಲಿಯಾ ಬಂತು, ಜರ್ಬೆರಾ ಬಂತು, ದಾಸವಾಳದ ಬಣ್ಣಬಣ್ಣದ ಪರಿವಾರವೆಲ್ಲ ಬಂತು. ಒಮ್ಮೆ ಕೈತಪ್ಪಿ ಎಂಟರ್ ಒತ್ತಿದಾಗ, ‘ಏನೂ ಬರೆಯಲಿಲ್ಲವಲ್ಲ, ಇನ್ನೊಮ್ಮೆ ಹೇಳಿ’ ಎಂದು ಅದು ಮರ್ಯಾದೆಯಿಂದಲೇ ಕೇಳಿದ್ದು ಅವರಿಗೆ ಬಹಳ ಹಿಡಿಸಿತು. ಅಳಿಯ ಜಗುಲಿಯಲ್ಲಿ ಕೂತು ಕಾಫಿ ಹೀರುತ್ತ ಕಿವಿಯನ್ನು ಇತ್ತಲೇ ಇಟ್ಟಿದ್ದ. ಅವನ ಸುಖಕ್ಕೆ ಪಾರವಿರಲಿಲ್ಲ.

ಐದೂಕಾಲಿಗೆ ಹೂವುಗಳೆಲ್ಲ ಮುಗಿದವು. ಬಿಂದುಶ್ರೀ ದೇವರ ಮುಂದೆ ದೀಪ ಹಚ್ಚಿದಳು. ತೆರೆಯ ಮೇಲ್ಭಾಗದಲ್ಲಿ ಆಗಿನಿಂದಲೂ ಇದ್ದ, ಆದರೆ ಅಲ್ಲಿಯವರೆಗೆ ಯಾರೂ ಗಮನಿಸದ ಸಾಲೊಂದನ್ನು ಸರ್ವಮಂಗಳಮ್ಮನವರು ಕನ್ನಡಕ ಸರಿಮಾಡಿಕೊಂಡು ಓದಿದರು: ‘ಎಲ್ಲ ಮುಗಿದ ಮೇಲೆ ಹೋಗು ಎಂದು ಬರೆಯಿರಿ. ಚೀಟಿಗಳು ಅಚ್ಚಾಗುತ್ತವೆ.’

ಎತ್ತಿದ ಗದೆ ಎತ್ತಿದಂತೆಯೇ ನಿಂತಿತು.

ಹೋಗು! ಶುಕ್ರವಾರ, ದೀಪ ಹಚ್ಚಿದ ಹೊತ್ತು, ಮನೆಯಲ್ಲಿ ತುಂಬಿದ ಬಸುರಿ, ಮೇಲಾಗಿ ಅಳಿಯಂದಿರು ಕೈಯಾರೆ ಮಾಡಿದ ವಸ್ತು. ಅದಕ್ಕೆ ನಾಯಿಗೆ ಅಂದ ಹಾಗೆ ‘ಹೋಗು’ ಅನ್ನುವುದೇ? ಹಾಲಿನವನಿಗೂ ‘ಹೋಗಿ ಬಾಪ್ಪ’ ಎನ್ನುವ ಬಾಯಿ ಅವರದು. ಅವರು ಕ್ಷಣಕಾಲ ಯೋಚಿಸಿ, ಸಭ್ಯರು ಮನೆಯಿಂದ ಹೊರಡುವಾಗ ಹೇಳುವ ಮಾತನ್ನೇ ಒಂದೊಂದೇ ಅಕ್ಷರವಾಗಿ ಬರೆದರು: ‘ಬರ್ತೀನಿ.’

‘ಬೆಳೆದವರ ಹೆಸರು?’ ಎಂದಿತು ತೆರೆ, ಅದೊಂದು ಹೊಸ ಹೂವೆಂದು ಬಗೆದು.

ಯಾರು ಹೊರಟಿದ್ದು ಎಂದು ವಿಚಾರಿಸುತ್ತಿದೆ ಎಂದುಕೊಂಡ ಸರ್ವಮಂಗಳಮ್ಮನವರು ‘ನಾನು ಸರ್ವಮಂಗಳ’ ಎಂದರು. ‘ಹೂವಿನ ಹೆಸರು?’ ಎಂದಿತು. ‘ಆಯ್ತಪ್ಪ, ಬರ್ತೀನಿ’ ಎಂದರು. ‘ಬೆಳೆದವರ ಹೆಸರು?’ ಎಂದಿತು. ‘ಹೇಳಿದೆನಲ್ಲ’ ಎಂದರು. ಒಳಹೊಗುವುದು ಸುಲಭ, ಹೊರಬರುವುದು ಅಸಾಧ್ಯ ಎಂಬಂಥ ಚಕ್ರವ್ಯೂಹದಲ್ಲಿ ಆ ಮಹಾತಾಯಿ ಸಿಕ್ಕಿಬಿದ್ದು, ಸುತ್ತಿ ಸುತ್ತಿ, ಕೊನೆಗೆ ಮಗಳನ್ನು ಕೂಗಿದರು.

ಮಗಳ ಹಿಂದೆಯೇ ಅಳಿಯನೂ ಓಡಿಬಂದ. ತೆರೆಯನ್ನು ನೋಡಿ, ನಕ್ಕು, ಕೀಲಿಮಣೆಗೆ ಕೈ ಚಾಚಿದ. ಸರ್ವಮಂಗಳಮ್ಮನವರು ಎರಡೂ ಅಂಗೈಗಳನ್ನು ಅಗಲಿಸಿ ಇಡೀ ಕೀಲಿಮಣೆಯನ್ನು ಮುಚ್ಚಿಬಿಟ್ಟರು.

“ಬಿಂದು, ನಿಮ್ಮ ಯಜಮಾನ್ರಿಗೆ ಹೇಳು. ಆ ಮಾತನ್ನ ಈ ಹೊತ್ನಲ್ಲಿ ಈ ಮನೇಲಿ ಬರೆಯೋ ಹಾಗಿಲ್ಲ.”

“ಬಿಂದು, ಅತ್ತೆಗೆ ಹೇಳು. ಅದು ಬರೀ ಒಂದ್ ಪದ, ಅದಕ್ಕೆ ಅರ್ಥಾನೇ ಗೊತ್ತಿಲ್ಲ.”

“ಅದಕ್ಕ್ ಗೊತ್ತಿಲ್ದೇ ಇರ್ಬೋದು, ನಮಗ್ ಗೊತ್ತಲ್ಲ? ಬೇರೆ ಯಾವ್ದಾದ್ರೂ ಒಳ್ಳೆ ಮಾತ್ ಹಾಕಕ್ಕೆ ಹೇಳು.”

“ಅಯ್ಯೋ, ಇಬ್ರೂ ಇಲ್ಲೇ ಇದೀರಲ್ಲ!” ಎಂದಳು ಬಿಂದುಶ್ರೀ, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಗಂಡನಾದವನು ಧರ್ಮಸಂಕಟದಲ್ಲಿ ಬಿದ್ದ. ಅತ್ತೆಯ ಕೈ ಸರಿಸಿ ‘ಹೋಗು’ ಎಂದು ಬರೆದರೆ ಚೀಟಿ ಬರುತ್ತದೆ, ಮರ್ಯಾದೆ ಹೋಗುತ್ತದೆ. ಅವನು ಅತ್ತೆಯ ಬೆರಳುಗಳ ಸಂದಿನಿಂದ ನಯವಾಗಿ ಕಂಟ್ರೋಲ್-ಸಿ ಒತ್ತಿದ. ‘ಗಾಬರಿಯಾಗಬೇಡಿ, ನಿಮ್ಮ ಕೆಲಸ ಸುರಕ್ಷಿತವಾಗಿದೆ. ಹೂವಿನ ಹೆಸರು?’ ಎಂದಿತು ತೆರೆ. ತಾನೇ ತೊಡಿಸಿದ ವಜ್ರಕವಚ! ಆ ಮಾತನ್ನು ಅಳಿಸುವುದಕ್ಕೆಂದು ಅತ್ತೆಯ ಒಪ್ಪಿಗೆ ಪಡೆದು, ಅದೇ ಯಂತ್ರದಲ್ಲಿ ಪ್ರೋಗ್ರಾಮಿನ ಬರಹದ ಕಡತವನ್ನು ತೆರೆದು ‘ಹೋಗು’ ಇದ್ದಲ್ಲಿ ‘ಬರ್ತೀನಿ’ ಎಂದು ತಿದ್ದಿ ಉಳಿಸಿದ. ಓಡುತ್ತಿದ್ದ ಪ್ರೋಗ್ರಾಮಿಗೆ ಅದು ಗೊತ್ತಾಗಲೇ ಇಲ್ಲ. ಬಸ್ಸು ಹೊರಟ ಮೇಲೆ ನಿಲ್ದಾಣದ ಬೋರ್ಡು ಬದಲಿಸಿದರೆ ಬಸ್ಸೇನು ದಾರಿ ಬದಲಿಸುತ್ತದೆಯೇ? ಪ್ರೋಗ್ರಾಮಿನ ಕಿಟಕಿಯನ್ನೇ ಮುಚ್ಚಿದರೆ ಅಷ್ಟೂ ಹೂವುಗಳು ಗಾಳಿಪಾಲು, ಏಕೆಂದರೆ ಅವನ್ನು ಉಳಿಸುವ ಸಾಲನ್ನು ಅವನು ಹೊರಹೋಗುವ ಬಾಗಿಲಲ್ಲಿ ಮಾತ್ರ ಬರೆದಿದ್ದ. ಎಂಥ ದಡ್ಡತನ ಎಂದು ನೀವು ಅನ್ನಬಹುದು. ಅವನೂ ಆಗ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡ.

ಗದ್ದಲ ಕೇಳಿ ರಣರಂಗಕ್ಕೆ ಧುಮುಕಿದರು ವಿದ್ಯುತ್ತಂತಿವಿಕ್ರಮ, ಟ್ರಾನ್ಸ್‌ಫಾರ್ಮರ್‌ದಮನ, ನಿವೃತ್ತ ಲೈನ್ ಇನ್‌ಸ್ಪೆಕ್ಟರ್ ಮಲ್ಲೇಶಪ್ಪನವರು.

“ಏನದು? ನಿಲ್ತಾ ಇಲ್ವಾ? ಇಷ್ಟೇನಾ! ಮೇನ್ ಆಫ್ ಮಾಡ್ತೀನಿ, ಎಂಥದ್ದಾದ್ರೂ ನಿಂತೇ ನಿಲ್ಲುತ್ತೆ. ಸರ್ವೀಸೆಲ್ಲಾ ನಾನ್ ಮಾಡಿದ್ದು ಅದೇ!” ಎಂದು ಮೀಟರ್ ಬೋರ್ಡಿನತ್ತ ನಡೆದರು.

ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಗೋಡೆಯ ವೈರೇ ಅದರ ಉಸಿರು. ಚಂದ್ರಮೌಳಿಯು ಒಂದೇ ನೆಗೆತಕ್ಕೆ ಬೋರ್ಡಿನ ಮುಂದೆ ಕೈಯಗಲಿಸಿ ನಿಂತು, “ಮಾವ, ದಮ್ಮಯ್ಯ, ಮುಟ್ಬೇಡಿ! ಎಲ್ಲಾ ಹೋಗ್ಬಿಡುತ್ತೆ!” ಎಂದು ಚೀರಿದ. ಬಿಂದುಶ್ರೀ ನಗು ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಕುಸಿದಳು. ಗಡಿಯಾರ ಆರಕ್ಕೆ ಇಪ್ಪತ್ತು ನಿಮಿಷ ಎಂದಿತು.

ಚಂದ್ರಮೌಳಿ ಸುತ್ತ ನೋಡಿದ. ಕೀಲಿಮಣೆಯ ಮೇಲೆ ಮತ್ತೆ ಅತ್ತೆಯ ಕೈ, ಸ್ವಿಚ್ಚಿನ ಮೇಲೆ ಮಾವನ ಕಣ್ಣು. ವ್ರತ ಭಂಗವಾಯಿತು. ಪ್ರಯೋಜನಕ್ಕೆ ಬರುವುದಿರಲಿ, ಇದ್ದ ಕೆಲಸವನ್ನೂ ಕೆಡಿಸಿದೆನಲ್ಲ ಎಂದು ಅವನಿಗೆ ನಿಜಕ್ಕೂ ಅಳುವೇ ಬಂದಂತಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, “ಸಭಾಭವನದಲ್ಲೇ ಕೂತು ಎಷ್ಟಾಗುತ್ತೋ ಅಷ್ಟನ್ನ ಕೈಯಲ್ಲೇ ಬರೀತೀನಿ. ನಾನು ಹೋಗ್ತೀನಿ” ಎಂದುಬಿಟ್ಟ.

ಹೋಗ್ತೀನಿ! ಬರ್ತೀನಿ ಅಲ್ಲ, ಹೋಗಿ ಬರ್ತೀನಿ ಕೂಡ ಅಲ್ಲ. ದಿಕ್ಪಾಲಕರು ಕಿವಿ ಮುಚ್ಚಿಕೊಂಡರು. ಸ್ವಿಚ್ಚಿನತ್ತ ಚಾಚಿದ್ದ ಮಲ್ಲೇಶಪ್ಪನವರ ಕೈ ಕೆಳಗಿಳಿಯಿತು. ಸರ್ವಮಂಗಳಮ್ಮನವರು ಕುರ್ಚಿಯಿಂದ ಅರ್ಧ ಎದ್ದರು. ಅಳಿಯನನ್ನು ತಡೆಯಬೇಕು, ಆದರೆ ನೇರವಾಗಿ ಮಾತಾಡಿ ಅಭ್ಯಾಸವಿಲ್ಲ. ಮಗಳಿಗೆ ಹೇಳೋಣವೆಂದರೆ ಅವಳು ನಗುವಿನಲ್ಲಿ ಮುಳುಗಿ ಮಾತಿಗೆ ಸಿಗುತ್ತಿಲ್ಲ. ಅವರಿಗೂ ಅಳಿಯನಿಗೂ ನಡುವೆ ಆಗ ಉಳಿದಿದ್ದ ದೂತ ಒಂದೇ: ಕಣ್ಣು ಮಿಟುಕಿಸುತ್ತ, ‘ಹೂವಿನ ಹೆಸರು?’ ಎಂದು ಕಾಯುತ್ತ ಕೂತ ಅವನದೇ ಯಂತ್ರ. ಆ ತಾಯಿ ಹಿಂದೆಮುಂದೆ ನೋಡದೆ, ಎರಡೂ ತೋರುಬೆರಳಿನಿಂದ ಕುಟ್ಟಿ ಕುಟ್ಟಿ ಬರೆದರು: ‘ಹೋಗುವುದು ಬೇಡ. ಕೂತುಕೊಳ್ಳಿ.’

ಎಂಟರ್ ಒತ್ತಿದ್ದೇ ತಡ, ಮೇಜಿನ ಮೂಲೆಯಲ್ಲಿದ್ದ ಪ್ರಿಂಟರು ಒಮ್ಮೆ ಮೈಮುರಿದು, ಗುರ್ರೆಂದು, ಬೆಳ್ಳನೆಯ ಚೀಟಿಗಳ ಹಾಳೆಗಳನ್ನು ಒಂದರ ಮೇಲೊಂದರಂತೆ ಉಗುಳತೊಡಗಿತು.

ಆದದ್ದಿಷ್ಟು. ಕಾಲೇಜಿನ ಹುಡುಗರು ‘ಹೋಗು’ ಎಂದು ಬರೆಯಿರಿ ಅಂದರೆ ‘ಹೋಗು ಗುರು’, ‘ಹೋಗುತ್ತೇನೆ ಸಾರ್’ ಎಂದೆಲ್ಲ ಬರೆಯುತ್ತಾರೆಂದು, ಸಾಲಿನ ಮೊದಲಿಗೆ ‘ಹೋಗು’ ಇದ್ದರೆ ಸಾಕು, ಮುಂದಿನದನ್ನು ಓದಬೇಕಿಲ್ಲ ಎಂದು ಚಂದ್ರಮೌಳಿ, ತನ್ನ ಎಲ್ಲ ಪ್ರೋಗ್ರಾಮುಗಳಿಗೂ ಕಲಿಸುವಂತೆ, ಅಭ್ಯಾಸಬಲದಿಂದ ಇದಕ್ಕೂ ಕಲಿಸಿದ್ದ. ಕಲಿಸಿದ್ದನ್ನು ತಾನೇ ಮರೆತಿದ್ದ. ‘ಹೋಗುವುದು ಬೇಡ’ ಎಂದವರ ಮಾತಿನಲ್ಲಿ ಬೇಡ ಎನ್ನುವ ತನಕವೂ ತಾಳದೆ, ಆ ವಿಧೇಯ ಯಂತ್ರ ಎಲ್ಲವನ್ನೂ ಉಳಿಸಿ, ಅಚ್ಚಿಗೆ ಕಳಿಸಿ, ಹೊರಟೇಹೋಯಿತು. ಚಪ್ಪಲಿ ಮೆಟ್ಟಿದ ಕಾಲಲ್ಲೇ ಒಳಗೆ ಬಂದ ಅಳಿಯ, ತೆರೆಯ ಮೇಲಿದ್ದ ಅತ್ತೆಯ ಸಾಲನ್ನು ಮತ್ತೆ ಮತ್ತೆ ಓದುತ್ತ ನಿಂತ.

“ಓದ್ತಾ ನಿಂತ್ರಲ್ಲ! ಹೊತ್ತಾಯ್ತು, ಬನ್ನಿ!” ಎಂದು ಮಲ್ಲೇಶಪ್ಪನವರು ಆಗಲೇ ಸ್ಕೂಟರಿಗೆ ಒದ್ದಿದ್ದರು. ಹಿಂದೆ ಕೂತ ವೀರನು ಬಿಸಿಬಿಸಿ ಹಾಳೆಗಳನ್ನು ಎದೆಗವಚಿಕೊಂಡು, ಕೈಗೆ ಬೀಗ ತೆಗೆದುಕೊಂಡಿದ್ದ ಕಾವಲುಗಾರನ ಮೂಗಿನಡಿಯಲ್ಲೇ ಸಭಾಭವನ ಹೊಕ್ಕ. ಸದಸ್ಯೆಯರು ಕತ್ತರಿ ಹಿಡಿದು ಗಡಿಬಿಡಿಯಲ್ಲಿ ಎಲ್ಲ ಚೀಟಿಗಳನ್ನೂ ಹಚ್ಚಿದರು. ‘ಬರ್ತೀನಿ — ನಾನು ಸರ್ವಮಂಗಳ’ ಎಂಬ ಚೀಟಿಯನ್ನು ಮೊಗ್ಗು ಇನ್ನೂ ಬಿರಿಯದಿದ್ದ ಒಂದು ಗುಲಾಬಿ ಕುಂಡಕ್ಕೆ ಯಾರೋ ಅಂಟಿಸಿದರು. ಚೆನ್ನಾಗಿಯೇ ಹೊಂದಿತು.

“ಏನೇ ಅನ್ನು, ನಮ್ ಹುಡ್ಗ ಕೆಲಸ ಮುಗಿಸ್ದ” ಎಂದು ಮಲ್ಲೇಶಪ್ಪನವರು ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದರು. ವಿಜಯಲಕ್ಷ್ಮೀಸಮಾಲಿಂಗಿತನಾದ ಚಂದ್ರಮೌಳಿಯು ಕೈಕಾಲು ತೊಳೆದು ಊಟಕ್ಕೆ ಕುಳಿತ. ತಟ್ಟೆಯಲ್ಲಿ ಒತ್ತುಶ್ಯಾವಿಗೆ, ಪಕ್ಕದಲ್ಲಿ ಬೆಲ್ಲದ ಕಾಯಿಹಾಲು. ಎದುರಿಗೆ ಪಾತ್ರೆ ಹಿಡಿದು ಸರ್ವಮಂಗಳಮ್ಮನವರು. ಬಿಂದುಶ್ರೀಯನ್ನು ಅವರು ಕರೆಯಲಿಲ್ಲ.

“ಇನ್ನೊಂದ್ ಸ್ವಲ್ಪ ಹಾಕ್ಲಾ?” ಎಂದು ನೇರವಾಗಿ ಅವನನ್ನೇ ಕೇಳಿದರು.

ಚಂದ್ರಮೌಳಿ ತಟ್ಟೆಯಿಂದ ತಲೆಯೆತ್ತಿದ. “ಬೇಡ ಅತ್ತೆ” ಎಂದ.

ಹಾಕಿದರು.

“ಸಾಕು ಅತ್ತೆ” ಎಂದ. ಹಾಕಿದರು. ಏನೂ ಹೇಳದೆ ಸುಮ್ಮನಿದ್ದು ನೋಡಿದ. ಸುಮ್ಮನಿದ್ದಾನೆಂದು ಹಾಕಿದರು. ಕೊನೆಗೆ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಬೆರಳಿನ ಸಂದಿ ನೋಡಿ ಜಾಣತನದಿಂದ ಅಲ್ಲಿಗೇ ಹಾಕಿದರು. ಪೈಥಾನ್ ಪಾರಂಗತನಿಗೆ ತಿಳಿದಿದ್ದ ಯಾವ ಪದವೂ ಅಲ್ಲಿ ನಡೆಯಲಿಲ್ಲ.

“ಮಾತಾಡ್ಬೇಡಿ, ತಿನ್ನಿ” ಎಂದರು ಸರ್ವಮಂಗಳಮ್ಮನವರು. ಮಹಾಸಮರದ ವಿಜೇತನು ನಡುವಿನ ಪಂಚೆಯನ್ನು ಒಂದು ಸುತ್ತು ಸಡಿಲಿಸಿಕೊಂಡು ತಿಂದನು.