ನಮ್ಮ ಸಾಲಿ ಕೌನ್ಸಿಲರ್ ಬಾಯಾರು

ತಂಗಿ, ಮೊದಲಿಗೆ ಮಕ್ಕಳ ಆಣಿ ಮಾಡು, ಇದು ನಿನ್ನ ಹೊಟ್ಟ್ಯಾಗ ಇರಬೇಕು. ಮಾಡಿದೇನು? ಹಾಂ, ಕೇಳು. ನಮ್ಮ ಘಣಸೋಲಿ ಚಾಳಿನ ಹೆಂಗಸರು ಕೂಡಿ ಎಲ್ಲಿಗೆ ಹೋದ್ರೂ ಒಂದು ಫಜೀತಿ ಆಗೂದ. ಈ ಸಲ ಕನ್ನಡ ಸಾಲ್ಯಾಗ ಆತು.

ನನ್ನ ಮೊಮ್ಮಗಳು ಐದನೇತ್ತಾ ಓದ್ತಾಳ. ದಿನಾ ಮುಂಜಾನೆ ಹೊಟ್ಟಿನೋವು ಅಂತ ಅಳೂದು. ಐತವಾರ ಮಾತ್ರ ಹೊಟ್ಟಿಗೆ ಸೂಟಿ. ಮಗ ಸಿಟ್ಟಿಗೆದ್ದು, "ದೀಪಾವಳಿ ಆದ ಮ್ಯಾಲೆ ಸಾಲಿ ಬಂದ್, ಮನ್ಯಾಗ ಕುಂದರ್ಲಿ" ಅಂದಿದ್ದ. ನಾನೂ ನಾಲ್ಕನೇತ್ತಾಕ್ಕ ಸಾಲಿ ಬಿಟ್ಟಾಕಿ. ಆಕಿಗೂ ಅದ ಗತಿ ಬ್ಯಾಡ ಅಂದೆ.

1. ಆರಿಸಿ ಬಂದಾಕಿ

ಸಾಲಿಯಿಂದ ಮೆಸೇಜ್ ಬಂತು, ಸೊಸಿ ಓದಿ ಹೇಳಿದ್ಲು: ಹೊಸಾ ಕೌನ್ಸಿಲರ್ ಪರಿಚಯ ಮಾಡ್ಕೋತಾರ, ಪಾಲಕರೂ ಬರ್ರಿ. ನಮ್ಮ ವಿಜಯಪುರದ ಕಡೆ ಕೌನ್ಸಿಲರ್ ಅಂದ್ರ ಮುನ್ಸಿಪಾಲ್ಟಿಗೆ ಆರಿಸಿ ಬಂದಾವ, ಇಲ್ಲಿ ಮರಾಠಿಯಾಗ ನಗರಸೇವಕ ಅಂತಾರಲ್ಲ, ಅಂವ. ಏಳು ಮಂದಿ ಅರ್ಜಿ ಬರಿಸ್ಕೊಂಡು ಹೋದ್ವಿ.

"ನಳಕ್ಕ ನೀರಿಲ್ರಿ, ಗಟಾರ ತುಂಬ್ಯಾದ್ರಿ."

ಆ ಕೌನ್ಸಿಲರ್ ಮೇಡಂ, ನಾವು ಬಾಯಾರು ಅಂತೀವಿ, ಉಡುಪಿ ಕಡೆ ಹುಡುಗಿ, ಕಣ್ಣು ಪಿಳಿಪಿಳಿ ಮಾಡಿದ್ಲು. "ನಾನು ಆ ಕೌನ್ಸಿಲರ್ ಅಲ್ಲ ಮಾರಾಯ್ರೆ. ಮಕ್ಕಳ ಕಷ್ಟ ಕೇಳುವವಳು. ನೀರಿನ ವಿಷಯ ನನ್ನಿಂದ ಆಗುದಿಲ್ಲ."

ಬಾಜೂಮನಿಯಾಕಿ ನನ್ನ ಕಿವ್ಯಾಗ, "ಆರಿಸಿ ಬಂದ ಮ್ಯಾಲೆ ಎಲ್ಲಾರೂ ಹಿಂಗ ಅಂತಾರ."

2. ಅಜ್ಜಿಗೆ ಬಾರದ ಕೆಲಸ

ವರ್ಗದಾಗ ನಾವು ಹಿಂದ ಕುಂತ್ವಿ. ಬಾಯಾರು ಮಕ್ಕಳಿಗೆ ಅಂದ್ರು: "ನಾನು ಪರೀಕ್ಷೆ ಮಾಡುದಿಲ್ಲ, ಬೈಯುದಿಲ್ಲ, ಇಂಜೆಕ್ಷನ್ ಕೊಡುದಿಲ್ಲ."

ಒಬ್ಬ ಹುಡುಗಿ ಎದ್ದು, ಹಂಗಾರ ನೀವು ಮಾಡೂದೇನು ಅಂತ ಹಿಂದಿಯಾಗ ಕೇಳಿದ್ಲು. "ತೋ ಟೀಚರ್, ಆಪ್ ಕರ್ತೀ ಕ್ಯಾ ಹೋ?"

"ನೀವು ಹೇಳಿದ್ದು ಕೇಳ್ತೇನೆ. ಯಾರಿಗೂ ಹೇಳುದಿಲ್ಲ. ನಿಮಗೆ ಅಪಾಯ ಉಂಟು ಅಂತಾದ್ರೆ ಮಾತ್ರ ದೊಡ್ಡವ್ರಿಗೆ ಹೇಳ್ತೇನೆ."

ನನ್ನ ಮೊಮ್ಮಗಳು, ಸಾಲ್ಯಾಗ ಬಾಯೇ ಬಿಡದಾಕಿ, ಎದ್ದು ನಿಂತಳಲ್ಲ! "ಕೇಳೂ ಕೆಲಸಾ ನಮ್ಮ ಅಜ್ಜಿನೂ ಮಾಡ್ತಾಳ್ರಿ. ಆ ಎರಡನೇದು ಆಕಿಗೆ ಬರಂಗಿಲ್ಲ."

3. ಹೊರಗ ಹೋಗದ ಮಾತು

ಮರುದಿನ ಪೋರಿ ತಾನ ಅವರ ಖೋಲಿಗೆ ಹೋಗಿ ಏನೋ ಹೇಳಿ ಬಂದ್ಲು. ಏನು ಅಂತ ತಿಳೀದ ನನ್ನ ಹೊಟ್ಟಿ ಉಬ್ಬಲಿಕ್ಕತ್ತು. ಶೇಂಗಾ ಹೋಳಿಗಿ ಕಟ್ಕೊಂಡು ಓಡಿದೆ. ಬಾಯಾರು ತಿಂದ್ರು, ಲಾಯ್ಕ ಉಂಟು ಅಂದ್ರು, "ಅವಳ ಮಾತು ಅವಳದ್ದು ಅಜ್ಜಿ" ಅಂದ್ರು. ಇನ್ನೊಂದು ಕೊಟ್ಟೆ. ಅದನ್ನೂ ತಿಂದ್ರು!

ಎಂಟು ದಿನಕ್ಕ ಪೋರಿನ ಹೇಳಿದ್ಲು: ಕನ್ನಡ ಓದಾಗ ನಾಲಿಗಿ ತೊಡರ್ತದ, ಹುಡುಗ್ರು ನಗ್ತಾರ. ಈಗ ಬಾಯಾರ ಮುಂದ ಮೊದಲ ಓದಿ, ಆಮ್ಯಾಲೆ ವರ್ಗದಾಗ ಓದ್ತಾಳ. ಹೊಟ್ಟಿನೋವು ಓಡಿತು. ಮಗನೂ ಸಾಲಿ ಬಿಡಸೂ ಮಾತು ಬಿಟ್ಟ. ಆ ತಾಯಿ ತಣ್ಣಗಿರಲಿ ಅಂತ ಬಾಯಾರಿಗೆ ಕೈ ಮುಗಿಲಿಕ್ಕೆ ಹೋದೆ.

"ನಿಮಗೂ ಏನಾದ್ರೂ ಹೇಳ್ಲಿಕ್ಕುಂಟಾ ಅಜ್ಜಿ? ಹೊರಗೆ ಹೋಗುದಿಲ್ಲ."

"ಹೊರಗ ಹೋಗಂಗಿಲ್ಲಂದ್ರ ಹೇಳಿ ಏನ್ ಉಪಯೋಗ್ರಿ!"

ಅಂದ್ರೂ ಹೇಳಿಬಿಟ್ಟೆ, ಅತ್ತೂಬಿಟ್ಟೆ. ನಾನು ಸಾಲಿ ಬಿಟ್ಟದ್ದು ಎಲ್ಲಾರಿಗೂ ಹೇಳ್ದಂಗ ಲಗ್ನಕ್ಕಲ್ಲ. ಓದಾಗ ನನ್ನ ನೋಡಿನೂ ಹುಡುಗ್ರು ನಕ್ಕಿದ್ರು. ಗಂಡಗೂ ಗೊತ್ತಿರಲಿಲ್ಲ. ಬಾಯಾರು ಇವತ್ತಿನತನ ಯಾರ ಮುಂದೂ ಅಂದಿಲ್ಲ. ನಾನ ಹನ್ನೊಂದು ಮಂದಿಗೆ ಹೇಳೀನಿ, ನೀ ಹನ್ನೆರಡನೇದಾಕಿ. ತಡಿ, ಯಾರೋ ಬಾಗಲಾ ಬಡದ್ರು... ಅಯ್ಯ, ಬಾಯಾರ ಬಂದಾರ! ಬರ್ರಿ ಬಾಯಾರ, ನಾವ್ ಏನೂ ಮಾತಾಡ್ಲಿಕ್ಕತ್ತಿಲ್ರಿ...